ಮಾತು ಹೋಯಿತು, ಬುದ್ಧಿ ಇದೆ

ಲಕ್ವ ಹೊಡೆದವರ ಮಾತು ನಿಂತಾಗ ಮಿದುಳಿನಲ್ಲಿ ಏನಾಗಿರುತ್ತದೆ? ಕೆಟ್ಟ ಮಾತಿನಿಂದ ವಿಜ್ಞಾನಿಗಳು ಒಳ್ಳೆಯ ಮಾತಿನ ಗುಟ್ಟು ತಿಳಿದದ್ದು ಹೇಗೆ?

ಬೆಳಗ್ಗೆ ಎಂಟರ ಹೊತ್ತಿಗೆ ಹೊನ್ನಾಳಿ ಬಸ್ ನಿಲ್ದಾಣದಲ್ಲಿ ನಿಂತರೆ ಮೊದಲು ಕಿವಿಗೆ ಬೀಳುವುದು ಖಾಸಗಿ ಬಸ್ಸಿನ ಕಂಡಕ್ಟರುಗಳ ಕೂಗು. ‘ನ್ಯಾಮ್ತಿ, ಸವಳಂಗ, ಶಿವಮೊಗ್ಗಾ...’ ಒಂದೇ ಉಸಿರಿನಲ್ಲಿ ಮೂರು ಊರು. ಕೂಗುತ್ತಲೇ ಒಬ್ಬರಿಗೆ ಚಿಲ್ಲರೆ ಎಣಿಸುತ್ತಾನೆ, ಟಾಪಿಗೆ ಹತ್ತಿಸಿದ ಚೀಲಕ್ಕೆ ಲಗೇಜು ಎಷ್ಟೆಂದು ಹೇಳುತ್ತಾನೆ. ಕೋಲೂರಿ ಬಂದ ಅಜ್ಜನನ್ನು ‘ಯಜಮಾನ್ರೇ, ಮಗನ ಮನಿಗೋ, ಮಗಳ ಮನಿಗೋ?’ ಎಂದು ಛೇಡಿಸುತ್ತಾನೆ. ಅಜ್ಜ ಥಟ್ಟನೆ, ‘ಇಬ್ರೂ ಬ್ಯಾಡಂದಾರ ತಮ್ಮಾ, ನಿನ್ನ ಮನಿಗೇ ಬರ್ತೀನಿ ನಡಿ’ ಎನ್ನುತ್ತಾನೆ. ಬಸ್ಸಿನೊಳಗಿದ್ದವರೆಲ್ಲ ನಗುತ್ತಾರೆ.

ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. ಕಣ್ಣೆದುರಿನ ಒಂದು ಚಿತ್ರ ನೋಡಿ ಅದರ ಹೆಸರು ಬಾಯಿಗೆ ಬರುವುದಕ್ಕೇ ಇದರ ಮೂರು ಪಟ್ಟು ಸಮಯ ಬೇಕು. ಅಂದರೆ ಕಂಡಕ್ಟರನ ಪ್ರಶ್ನೆ ಮುಗಿಯುವ ಮೊದಲೇ ಅಜ್ಜನ ತಲೆಯಲ್ಲಿ ಉತ್ತರ ಸಿದ್ಧವಾಗತೊಡಗಿತ್ತು.

ಇಂಥ ಅಜ್ಜ ಒಂದು ಬೆಳಗ್ಗೆ ಏಳುವಾಗ ಬಾಯಿ ಸೊಟ್ಟಗಾಗಿರುತ್ತದೆ, ಬಲಗೈ ಎತ್ತಲಾಗುವುದಿಲ್ಲ. ಏನು ಕೇಳಿದರೂ ‘ಅದು... ಅದು...’ ಎಂಬಲ್ಲಿಗೆ ನಿಲ್ಲುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಕೈ ಸುಧಾರಿಸುತ್ತದೆ, ನಡಿಗೆ ಬರುತ್ತದೆ, ಮಾತು ಮಾತ್ರ ಬರುವುದಿಲ್ಲ. ನೋಡಲು ಬಂದವರು ಅವರ ಎದುರಿಗೇ, ‘ಪಾಪ, ಏನೂ ತಿಳಿಯಂಗಿಲ್ಲ ನೋಡ್ರಿ’ ಎಂದುಬಿಡುತ್ತಾರೆ.

ತಿಳಿಯುತ್ತದೆ. ಎಷ್ಟೋ ಸಲ ಪೂರ್ತಿ ತಿಳಿಯುತ್ತದೆ. ಮಾತು ಹೋಗುವುದೂ ಬುದ್ಧಿ ಹೋಗುವುದೂ ಒಂದೇ ಅಲ್ಲ ಎಂಬುದು ಮಿದುಳಿನ ಅಧ್ಯಯನ ನೂರೈವತ್ತು ವರ್ಷಗಳಿಗೂ ಹಿಂದೆಯೇ ಕಂಡುಕೊಂಡ ಸಂಗತಿ. ನಮ್ಮ ಮನೆಗಳಿಗೆ ಅದಿನ್ನೂ ಸರಿಯಾಗಿ ತಲುಪಿಲ್ಲ.

ಮಾತು ಹೊರಡುವ ದಾರಿ

ಹೇಳಬೇಕಾದ ವಿಷಯ ಮೊದಲು ಹೊಳೆಯುತ್ತದೆ. ಆಗಿನ್ನೂ ಅದಕ್ಕೆ ಪದವಿರುವುದಿಲ್ಲ. ಆಮೇಲೆ ಮಿದುಳು ತನಗೆ ಗೊತ್ತಿರುವ ಸಾವಿರಾರು ಪದಗಳಲ್ಲಿ ಬೇಕಾದವನ್ನು ಹೆಕ್ಕುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಗೊತ್ತುಮಾಡಿ ತಕ್ಕ ಪ್ರತ್ಯಯ ಅಂಟಿಸುತ್ತದೆ. ಪದದ ಧ್ವನಿಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಕೊನೆಗೆ ಉಸಿರು, ಗಂಟಲು, ನಾಲಿಗೆ, ತುಟಿಗಳಿಗೆ ಅಪ್ಪಣೆ ಹೋಗುತ್ತದೆ. ಆಡಿದ್ದನ್ನು ಕಿವಿ ಕೇಳಿಸಿಕೊಂಡು, ತಪ್ಪಿದ್ದರೆ ‘ಅಲ್ಲಲ್ಲ’ ಎಂದು ತಿದ್ದಿಸುತ್ತದೆ.

ನೆದರ್ಲೆಂಡ್ಸಿನ ವಿಲ್ಲೆಮ್ ಲೆವೆಲ್ಟ್ 1989ರಲ್ಲಿ ತಂದ ದೊಡ್ಡ ಗ್ರಂಥವೊಂದರಲ್ಲಿ ಈ ಹಂತಗಳನ್ನು ಬಿಡಿಸಿ ತೋರಿಸಿದರು. ಸೆಕೆಂಡಿಗೆ ಎರಡು ಮೂರು ಪದಗಳಂತೆ ಈ ಕೆಲಸ ನಡೆಯುತ್ತದೆ. ಇಷ್ಟು ವೇಗದಲ್ಲೂ ಪದದ ಆಯ್ಕೆ ತಪ್ಪುವುದು ಸಾವಿರಕ್ಕೆ ಒಂದರಷ್ಟು ಮಾತ್ರ.

ಹಂತಗಳು ಹಲವು ಎಂದ ಮೇಲೆ ತೊಂದರೆ ಯಾವ ಹಂತದಲ್ಲಿ ಬೇಕಾದರೂ ಬರಬಹುದು. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆಗೆ ನೀರು ಬರಲಿಲ್ಲವೆಂದು ಜಲಾಶಯವೇ ಬರಿದಾಗಿದೆ ಎಂದು ಅವರು ಕೈಚೆಲ್ಲುವುದಿಲ್ಲ. ನಾಲೆಯ ಗುಂಟ ಮೇಲಕ್ಕೆ ನಡೆದು ಯಾವ ತೂಬಿನಲ್ಲಿ ನಿಂತಿದೆ ಎಂದು ನೋಡುತ್ತಾರೆ. ಮಾತು ನಿಂತವರನ್ನು ತಜ್ಞರು ಪರೀಕ್ಷಿಸುವ ಕ್ರಮವೂ ಅದೇ.

ನಾಲಿಗೆ ತಪ್ಪಿದಾಗ ಕಾಣುವುದು

ಈ ಹಂತಗಳನ್ನು ನೋಡಲು ಆರೋಗ್ಯವಂತರ ತಪ್ಪುಗಳೂ ಸಾಕು. ಅವಸರದಲ್ಲಿ ‘ಕಾಫಿ ಪುಡಿ’ ಎನ್ನಲು ಹೋಗಿ ‘ಪಾಫಿ ಕುಡಿ’ ಎಂದವರುಂಟು. ಎರಡನೇ ಪದದ ‘ಪ’ ಮೊದಲ ಪದಕ್ಕೆ ಹಾರಬೇಕಾದರೆ, ಮೊದಲ ಪದ ಬಾಯಿಗೆ ಬರುವ ಮುಂಚೆಯೇ ಎರಡನೆಯದೂ ಸಿದ್ಧವಾಗಿ ಕಾದಿರಬೇಕು.

ಇನ್ನೊಂದು ಬಗೆ ನೋಡಿ. ‘ಚೀಲದಲ್ಲಿ ಅಡಿಕೆ ಇದೆ’ ಎನ್ನಬೇಕಾದವರು ‘ಅಡಿಕೆಯಲ್ಲಿ ಚೀಲ ಇದೆ’ ಎನ್ನುತ್ತಾರೆ. ಪದಗಳು ಅದಲುಬದಲಾದರೂ ‘ಅಲ್ಲಿ’ ತನ್ನ ಜಾಗ ಬಿಡಲಿಲ್ಲ. ಜೊತೆಗೆ ‘ಚೀಲ’ಕ್ಕೆ ಅಂಟುವಾಗ ಇದ್ದ ದಕಾರ, ‘ಅಡಿಕೆ’ಗೆ ಅಂಟುವಾಗ ತಾನಾಗಿ ಯಕಾರವಾಯಿತು. ಪದ ಬೇರೆ ಕಡೆಯಿಂದ, ಪ್ರತ್ಯಯ ಬೇರೆ ಕಡೆಯಿಂದ ಬಂದು ಕೊನೆಯ ಗಳಿಗೆಯಲ್ಲಿ ಸೇರುತ್ತವೆ ಎಂಬುದಕ್ಕೆ ಇದಕ್ಕಿಂತ ಚೆಂದದ ಪುರಾವೆ ಬೇಡ. ರೋಗಿಗಳಲ್ಲಿ ಇವೆರಡರಲ್ಲಿ ಒಂದು ಉಳಿದು ಇನ್ನೊಂದು ಹೋಗುವುದನ್ನು ಮುಂದೆ ನೋಡೋಣ.

ಗಂಟಲಿನಿಂದ ತುಟಿಯವರೆಗೆ

ನಮ್ಮ ವರ್ಣಮಾಲೆ ಬಾಯಿಯ ನಕಾಶೆಯಂತೆಯೇ ಇದೆ. ಕವರ್ಗ ನಾಲಿಗೆಯ ಬುಡದಲ್ಲಿ ಹುಟ್ಟುತ್ತದೆ. ಚವರ್ಗ, ಟವರ್ಗ, ತವರ್ಗ ಎಂದು ಮುಂದೆ ಬರುತ್ತಾ ಪವರ್ಗಕ್ಕೆ ತುಟಿ ತಲುಪುತ್ತೇವೆ. ಮಿದುಳಿನ ಮೇಲ್ಪದರದಲ್ಲೂ ತುಟಿಗೆ, ನಾಲಿಗೆಗೆ, ಗಂಟಲಿಗೆ ಬೇರೆ ಬೇರೆ ಜಾಗಗಳಿವೆ. ಅಮೆರಿಕದ ಎಡ್ವರ್ಡ್ ಚಾಂಗ್ ಮತ್ತು ಸಂಗಡಿಗರು 2013ರಲ್ಲಿ, ಅಪಸ್ಮಾರದ ಚಿಕಿತ್ಸೆಗೆಂದು ಮಿದುಳಿನ ಮೇಲೆ ಎಲೆಕ್ಟ್ರೋಡ್ ಇರಿಸಿಕೊಂಡಿದ್ದ ರೋಗಿಗಳು ಮಾತಾಡುವಾಗ ಈ ಜಾಗಗಳು ಒಂದಾದ ಮೇಲೊಂದು ಜಾಗೃತವಾಗುವುದನ್ನು ದಾಖಲಿಸಿದರು.

ತಜ್ಞರು ರೋಗಿಗೆ ‘ಪಪಪಪ’ ಎನ್ನಿ ಎನ್ನುತ್ತಾರೆ. ಆಮೇಲೆ ‘ತತತತ’, ‘ಕಕಕಕ’. ಕೊನೆಗೆ ಮೂರನ್ನೂ ಕೂಡಿಸಿ ‘ಪತಕ, ಪತಕ, ಪತಕ’. ಸ್ನಾಯುಗಳೇ ದುರ್ಬಲವಾಗಿದ್ದರೆ ಎಲ್ಲವೂ ತೊದಲುತ್ತವೆ. ಕೆಲವರಿಗೆ ಬಿಡಿಬಿಡಿಯಾಗಿ ಸಲೀಸಾಗಿ ಬಂದದ್ದು ಕೂಡಿಸಿದಾಗ ಮಾತ್ರ ‘ಪಕತ, ತಪ...’ ಎಂದು ಕಲಸುತ್ತದೆ. ಅವರ ನಾಲಿಗೆಯಲ್ಲಿ ಬಲವಿದೆ; ಯಾವುದಾದ ಮೇಲೆ ಯಾವುದು ಎಂಬ ಅಪ್ಪಣೆ ಕೆಟ್ಟಿದೆ. ಇದಕ್ಕೆ ಅಪ್ರಾಕ್ಸಿಯಾ ಎನ್ನುತ್ತಾರೆ. ಇವೆರಡರಲ್ಲೂ ಭಾಷೆ ಕೆಟ್ಟಿರಲೇಬೇಕೆಂದಿಲ್ಲ: ಎಷ್ಟೋ ಜನ ಚೀಟಿಯಲ್ಲಿ ಬರೆದು ತೋರಿಸಬಲ್ಲರು. ಭಾಷೆಯೇ ಪೆಟ್ಟು ತಿಂದಾಗ ಆಗುವುದು ಅಫೇಸಿಯಾ.

ಇಪ್ಪತ್ತೊಂದು ವರ್ಷ, ಒಂದೇ ಸದ್ದು

ಅಫೇಸಿಯಾದ ಕತೆ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಿಂದ ಶುರುವಾಗುತ್ತದೆ. ಲೆಬೋರ್ನ್ ಎಂಬ 51 ವರ್ಷದ ರೋಗಿ ಅಲ್ಲಿದ್ದ. ಏನು ಕೇಳಿದರೂ ‘ತಾನ್, ತಾನ್’ ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಅವನ ಹೆಸರೇ ತಾನ್ ಎಂದಾಗಿತ್ತು. 1861ರ ಏಪ್ರಿಲ್‌ನಲ್ಲಿ ಕಾಲಿನ ಸೋಂಕಿಗಾಗಿ ಅವನನ್ನು ಶಸ್ತ್ರವೈದ್ಯ ಪಾಲ್ ಬ್ರೋಕಾ ಬಳಿಗೆ ತಂದರು.

ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಬ್ರೋಕಾ ಕೇಳಿದ. ಆತ ಐದು ಬೆರಳನ್ನೂ ಬಿಡಿಸಿ ಅಂಗೈಯನ್ನು ನಾಲ್ಕು ಸಲ ತೋರಿಸಿ, ಮೇಲೆ ಒಂದು ಬೆರಳೆತ್ತಿದ. ಇಪ್ಪತ್ತೊಂದು. ಲೆಕ್ಕ ಸರಿಯಿತ್ತು. ಪ್ರಶ್ನೆ ಅರ್ಥವಾಗಿತ್ತು, ನೆನಪಿತ್ತು, ಲೆಕ್ಕವಿತ್ತು, ಪದವೊಂದಿರಲಿಲ್ಲ.

ಆ ತಿಂಗಳ 17ರಂದು ಆತ ತೀರಿಕೊಂಡ. ಮಿದುಳು ತೆಗೆದು ನೋಡಿದಾಗ ಎಡ ಹಣೆಯ ಹಿಂಭಾಗದ ಒಂದು ಜಾಗ ಕೆಟ್ಟಿತ್ತು. ಇಂಥ ಇನ್ನಷ್ಟು ರೋಗಿಗಳನ್ನು ನೋಡಿದ ಬ್ರೋಕಾ, ನಾವು ಮಾತಾಡುವುದು ಎಡ ಮಿದುಳಿನಿಂದ ಎಂದು 1865ರಲ್ಲಿ ಸಾರಿದ. ಬಲಗೈ ಬಳಸುವವರಲ್ಲಿ ನೂರಕ್ಕೆ ಸುಮಾರು 95 ಮಂದಿಗೂ, ಎಡಚರಲ್ಲಿ ಸುಮಾರು 70 ಮಂದಿಗೂ ಭಾಷೆಯ ಮುಖ್ಯ ಠಾವು ಎಡಭಾಗವೇ. ದೇಹದ ಬಲಭಾಗವನ್ನು ಆಡಿಸುವುದೂ ಎಡ ಮಿದುಳೇ. ಬಲಗೈ ಬಲಗಾಲು ಬಿದ್ದವರಿಗೆ ಮಾತೂ ಬೀಳುವುದು ಹೆಚ್ಚು ಎಂದು ಹಳ್ಳಿಯವರು ಗಮನಿಸಿರುವುದಕ್ಕೆ ಕಾರಣ ಇದು.

1874ರಲ್ಲಿ, 26ರ ಹರೆಯದ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದ. ಈ ರೋಗಿಗಳು ಧಾರಾಳವಾಗಿ ಮಾತಾಡುತ್ತಾರೆ, ಆದರೆ ಮಾತಿಗೆ ತಲೆಬುಡವಿರುವುದಿಲ್ಲ, ಎದುರಿನವರ ಮಾತೂ ತಿಳಿಯುವುದಿಲ್ಲ. ಅವರಲ್ಲಿ ಕೆಟ್ಟಿದ್ದು ಎಡ ಕಿವಿಯ ಮೇಲಿನ ಹಿಂಭಾಗ.

ಈ ಎರಡು ಠಾವುಗಳ ಚಿತ್ರ ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಇದೆ. ನಿಜ ಅಷ್ಟು ಸರಳವಲ್ಲ. ಅಮೆರಿಕದ ನೀನಾ ಡ್ರಾಂಕರ್ಸ್ ತಂಡ 2007ರಲ್ಲಿ ಪ್ಯಾರಿಸಿನಲ್ಲಿ ಕಾಪಿಟ್ಟಿರುವ ಲೆಬೋರ್ನ್‌ನ ಮಿದುಳನ್ನು ಎಂಆರ್‌ಐ ಮಾಡಿ, ಪೆಟ್ಟು ಬ್ರೋಕಾ ಕಂಡದ್ದಕ್ಕಿಂತ ತುಂಬಾ ಆಳಕ್ಕೆ ಹೋಗಿತ್ತು ಎಂದು ತೋರಿಸಿತು. ಬ್ರೋಕಾ ಠಾವು ಮಾತಿಗೆ ಮುಂಚೆ ಚುರುಕಾಗಿದ್ದು, ಬಾಯಿ ಆಡತೊಡಗಿದಾಗ ಸುಮ್ಮನಾಗುತ್ತದೆ ಎಂಬುದು 2015ರಲ್ಲಿ ತಿಳಿಯಿತು. ಮಾತನ್ನು ಸಜ್ಜುಮಾಡುವುದು ಅದರ ಪಾಲು. ಆಡಿಸುವುದು ಬೇರೆ ಜಾಗಗಳ ಕೆಲಸ. ಭಾಷೆ ಒಂದೆರಡು ಕೊಠಡಿಗಳಲ್ಲಿ ಕೂತಿಲ್ಲ, ಎಡ ಮಿದುಳಿನ ಉದ್ದಗಲಕ್ಕೂ ಹಬ್ಬಿದ ನರಗಳ ಬಲೆಯಲ್ಲಿದೆ.

‘ತೋಟ... ಮಗ... ಚೇಣಿ... ಬ್ಯಾಡ’

ಈ ಬಲೆಯ ಹೆಚ್ಚಿನ ಭಾಗಕ್ಕೆ ರಕ್ತ ಕೊಡುವುದು ಎಡಗಡೆಯ ಒಂದೇ ದೊಡ್ಡ ರಕ್ತನಾಳ. ಅದರಲ್ಲಿ ಹೆಪ್ಪು ಸಿಕ್ಕಿಕೊಂಡರೆ ಮಾತಿಗೆ ಕುತ್ತು. ಪಾರ್ಶ್ವವಾಯುವಾದ ಮೂವರಲ್ಲಿ ಸುಮಾರು ಒಬ್ಬರಿಗೆ ಅಫೇಸಿಯಾ ಕಾಣಿಸುತ್ತದೆ. ತಲೆಗೆ ಪೆಟ್ಟು, ಗೆಡ್ಡೆ, ಮರೆವಿನ ಕಾಯಿಲೆಗಳಿಂದಲೂ ಅದು ಬರಬಹುದು.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ಬ್ರೋಕಾ ಬಗೆಯ ಅಫೇಸಿಯಾ ಆಯಿತೆನ್ನಿ. ಅವರ ಮಾತು ಹೀಗಿರುತ್ತದೆ: ‘ತೋಟ... ಮಗ... ಚೇಣಿ... ಬ್ಯಾಡ.’ ತೋಟವನ್ನು ಎಂಬಲ್ಲಿನ ‘ಅನ್ನು’ ಇಲ್ಲ, ಚೇಣಿಗೆ ಎಂಬಲ್ಲಿನ ‘ಗೆ’ ಇಲ್ಲ, ಕೊಡುವ ಕ್ರಿಯಾಪದವೇ ಇಲ್ಲ. ಆದರೆ ಹೇಳಿದ್ದು ಸ್ಪಷ್ಟ: ಮಗ ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುವುದು ತನಗೆ ಒಪ್ಪಿಗೆಯಿಲ್ಲ. ಇದು ಬುದ್ಧಿ ಕೆಟ್ಟವರ ಮಾತಲ್ಲ, ವ್ಯವಹಾರ ಬಲ್ಲವರ ಮಾತು.

ವೆರ್ನಿಕೆ ಬಗೆಯವರು ಇದಕ್ಕೆ ತದ್ವಿರುದ್ಧ. ‘ನಿನ್ನೆ ಆ ಬದಿಯ ನೀರನ್ನು ಹಾಕಿಸಿಕೊಂಡು ಮೊಳಕಿನವರು ಬಂದಾಗ ಅದನ್ನೇ ಕೊಟ್ಟಿದ್ದೆನಲ್ಲ’ ಎಂದು ಸರಾಗವಾಗಿ ಹೇಳುತ್ತಾರೆ. ಪ್ರತ್ಯಯ, ಲಿಂಗ, ಕಾಲ ಎಲ್ಲ ಚೊಕ್ಕ. ತಿರುಳೇ ಇಲ್ಲ, ‘ಮೊಳಕಿನವರು’ ಎಂಬ ಪದವೂ ಲೋಕದಲ್ಲಿಲ್ಲ. ಕೈಕಾಲು ನೆಟ್ಟಗಿದ್ದು ಹೀಗೆ ಮಾತಾಡಿದರೆ ಮನೆಯವರು ಗಾಳಿ ಸೋಕಿದೆ ಎಂದು ತಾಯತದ ಕಡೆ ಓಡುವುದುಂಟು. ಸ್ಕ್ಯಾನಿಗೆ ಹೋಗುವ ಹೊತ್ತು ಅಲ್ಲಿಗೆ ಕಳೆದಿರುತ್ತದೆ.

ಮೂರನೆಯ ಬಗೆಯವರಿಗೆ ಬಹುಪಾಲು ಎಲ್ಲ ಸರಿಯಿದ್ದು ಹೆಸರುಗಳು ಮಾತ್ರ ಕೈಕೊಡುತ್ತವೆ. ತಜ್ಞರು ಕುಡುಗೋಲಿನ ಚಿತ್ರ ತೋರಿಸುತ್ತಾರೆ. ರೋಗಿ ಎಡಗೈಯಲ್ಲಿ ಹುಲ್ಲು ಹಿಡಿದಂತೆ ಮಾಡಿ ಬಲಗೈಯಿಂದ ಕೊಯ್ದು ತೋರಿಸುತ್ತಾರೆ. ‘ಅದೇ... ಹುಲ್ಲು... ಕೊಯ್ಯದು...’ ತಜ್ಞರು ‘ಕು...’ ಎಂದು ಆಸರೆ ಕೊಟ್ಟರೆ ‘ಕುಡುಗೋಲು!’ ಎಂದು ಪದ ಹೊರಬೀಳುತ್ತದೆ. ಪದ ಅಳಿಸಿಹೋಗಿರಲಿಲ್ಲ, ಅದಕ್ಕೆ ಹೋಗುವ ದಾರಿ ಮಸುಕಾಗಿತ್ತು. ಚಿಕಿತ್ಸೆಯ ಭರವಸೆ ನಿಂತಿರುವುದು ಇದರ ಮೇಲೆ.

ಯಾವ ಬಗೆಯೆಂದು ತಿಳಿಯಲು ರೋಗಿಯ ನುಡಿಯಲ್ಲೇ ಪರೀಕ್ಷೆ ಬೇಕು. ಇಂಗ್ಲಿಷಿನ ಪ್ರಶ್ನೆಗಳನ್ನು ಸುಮ್ಮನೆ ತಿರುಗಿಸಿದರೆ ನಡೆಯದು. ಇಂಗ್ಲಿಷಿನವರಲ್ಲಿ ಪ್ರತ್ಯಯ ಉದುರಿದರೂ ಪದ ಪದವಾಗಿಯೇ ಉಳಿಯುತ್ತದೆ. ಹೀಬ್ರೂನಂಥ ಭಾಷೆಯಲ್ಲಿ ಬರಿಯ ಧಾತುವನ್ನು ಉಚ್ಚರಿಸಲೇ ಆಗದು. ಅಲ್ಲಿನ ರೋಗಿಗಳು ಒಂದು ರೂಪದ ಬದಲು ಇನ್ನೊಂದನ್ನು ಆಡುತ್ತಾರೆ. ಒಂದೇ ಗಾಯ ಆಯಾ ಭಾಷೆಯ ಕಟ್ಟಡಕ್ಕೆ ತಕ್ಕಂತೆ ಬೇರೆ ರೂಪದಲ್ಲಿ ಕಾಣುತ್ತದೆ. ಕನ್ನಡದಲ್ಲಿ ಈ ಕೆಲಸ ನಡೆದಿದೆ: 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದರ ಮುಖ್ಯ ನೆಲೆ. ಪ್ರತಿಭಾ ಕಾರಂತರು 1980ರಲ್ಲಿ ಕನ್ನಡಕ್ಕೆಂದೇ ಭಾಷಾ ಪರೀಕ್ಷೆಯೊಂದನ್ನು ರೂಪಿಸಿದರು. ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪದ ವಿವರಗಳನ್ನು ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರ್ 2008ರಲ್ಲಿ ಪ್ರಕಟಿಸಿದರು.

ಬೈಗುಳ ಉಳಿಯುತ್ತದೆ, ಭಜನೆಯೂ

ಒಂದು ವಿಚಿತ್ರ ಮನೆಯವರನ್ನು ಗಲಿಬಿಲಿಗೊಳಿಸುತ್ತದೆ. ಹೆಂಡತಿಯ ಹೆಸರು ಹೇಳಲಾಗದವರು ಒಂದರಿಂದ ಇಪ್ಪತ್ತರವರೆಗೆ ಸರಸರನೆ ಎಣಿಸುತ್ತಾರೆ. ‘ಭಾನುವಾರ, ಸೋಮವಾರ’ ಎಂದು ವಾರ ಹೇಳುತ್ತಾರೆ. ಸಿಟ್ಟು ಬಂದರೆ ಅಚ್ಚುಕಟ್ಟಾಗಿ ಬೈಯುತ್ತಾರೆ. ಭಜನೆ ಶುರುವಾದರೆ ಪದ ಸಮೇತ ದನಿಗೂಡಿಸುತ್ತಾರೆ. ‘ಬೈಯಾಕ ಬರ್ತೈತಿ, ಮಾತಾಡಾಕ ಬರಲ್ವಾ? ನಾಟಕ’ ಎಂದು ಮಕ್ಕಳಿಗೆ ಅನುಮಾನ.

ನಾಟಕವಲ್ಲ. ಬಾಯಿಪಾಠವಾದದ್ದು ಒಂದು ದಾರಿ, ಹೊಸದಾಗಿ ಕಟ್ಟುವ ಮಾತು ಇನ್ನೊಂದು. ಕಂಡಕ್ಟರನ ‘ನ್ಯಾಮ್ತಿ, ಸವಳಂಗ, ಶಿವಮೊಗ್ಗಾ’ ಮೊದಲ ಬಗೆಯದು. ಅಜ್ಜನ ಮರುಮಾತು ಎರಡನೆಯದು: ಅದನ್ನು ಆತ ಅಲ್ಲಿಯೇ ಕಟ್ಟಬೇಕಾಯಿತು. ಎಡ ಮಿದುಳಿಗೆ ಏಟು ಬಿದ್ದಾಗ ಮೊದಲನೆಯದು ಎಷ್ಟೋ ಸಲ ಪಾರಾಗುತ್ತದೆ. ಸ್ವೀಡನ್ನಿನಲ್ಲಿ ಮಾತು ಹೋದ ರೋಗಿಯೊಬ್ಬ ಚರ್ಚಿನ ಪದ ಹಾಡುತ್ತಿದ್ದುದನ್ನು ಒಲೋಫ್ ಡಾಲಿನ್ 1745ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ರಾಗದ ಬೆನ್ನೇರಿಸಿ ಮಾತನ್ನು ಮರಳಿ ತರುವ ಒಂದು ಚಿಕಿತ್ಸೆ 1973ರಿಂದ ಅಮೆರಿಕದಲ್ಲಿ ಬಳಕೆಗೆ ಬಂತು. ‘ನೀರು ಬೇಕು’ ಎಂಬುದನ್ನು ರಾಗವಾಗಿ, ಎಡಗೈಯಿಂದ ತಾಳ ತಟ್ಟುತ್ತಾ ಹೇಳಿಸಿ, ನಿಧಾನಕ್ಕೆ ರಾಗವನ್ನು ಕಳಚುತ್ತಾರೆ. ಎಲ್ಲರಿಗೂ ಅದು ಫಲಿಸುವುದಿಲ್ಲ. ತಿಳಿವಳಿಕೆ ಚೆನ್ನಾಗಿದ್ದು ಪದ ಮಾತ್ರ ಹೊರಡದವರಿಗೆ ಹೆಚ್ಚು ಒಪ್ಪುತ್ತದೆ.

ತಾಂಡಾದ ಮಾತು, ಸಂತೆಯ ಮಾತು

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸೇವಾಲಾಲರ ಜನ್ಮಸ್ಥಳ. ಸುತ್ತಲಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಸಂತೆಯಲ್ಲೂ ಶಾಲೆಯಲ್ಲೂ ಕನ್ನಡ. ಜಗಳೂರಿನ ಕೆಲವು ಹಟ್ಟಿಗಳಲ್ಲಿ ಮನೆಯೊಳಗೆ ತೆಲುಗು, ಚನ್ನಗಿರಿಯ ಎಷ್ಟೋ ಮನೆಗಳಲ್ಲಿ ಉರ್ದು. ಇಂಥವರಿಗೆ ಲಕ್ವ ಹೊಡೆದರೆ ಯಾವ ಭಾಷೆ ಹೋಗುತ್ತದೆ, ಯಾವುದು ಮೊದಲು ಮರಳುತ್ತದೆ?

ಫ್ರಾನ್ಸಿನ ರಿಬೋ ಮೊದಲು ಕಲಿತದ್ದು ಉಳಿಯುತ್ತದೆ ಎಂದ. ಅದೇ ದೇಶದ ಪಿತ್ರೆ 1895ರಲ್ಲಿ, ಹೆಚ್ಚು ಬಳಸುತ್ತಿದ್ದದ್ದು ಮೊದಲು ಮರಳುತ್ತದೆ ಎಂದ. ಎರಡಕ್ಕೂ ಉದಾಹರಣೆಗಳಿವೆ. ಹೆಚ್ಚಿನವರಲ್ಲಿ ಎರಡೂ ಭಾಷೆ ಸಮಸಮವಾಗಿ ಕೆಟ್ಟು ಸಮಸಮವಾಗಿಯೇ ಸುಧಾರಿಸುತ್ತವೆ. ಕೆಲವರಲ್ಲಿ ಒಂದೇ ಮರಳುತ್ತದೆ, ಕೆಲವರು ಬೇಡವೆಂದರೂ ಎರಡನ್ನೂ ಬೆರೆಸುತ್ತಾರೆ. ಆದ್ದರಿಂದ ತಾಂಡಾದ ಅಜ್ಜಿಯನ್ನು ಕನ್ನಡದಲ್ಲಿ ಮಾತ್ರ ಪರೀಕ್ಷಿಸಿ ‘ಏನೂ ಬರುವುದಿಲ್ಲ’ ಎಂದು ಬರೆಯುವುದು ಅನ್ಯಾಯ. ಅಜ್ಜಿ ಮನೆಯಲ್ಲಿ ಯಾವ ಮಾತಾಡುತ್ತಿದ್ದರು ಎಂಬುದನ್ನು ಮನೆಯವರು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಎರಡು ಭಾಷೆ ಹೊರೆಯಂತೂ ಅಲ್ಲ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆವಿನ ರೋಗಿಗಳನ್ನು ನೋಡಿ 2013ರಲ್ಲಿ ವರದಿ ಮಾಡಿದರು: ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಪಾರ್ಶ್ವವಾಯುವಾದ 608 ಮಂದಿಯ ಇನ್ನೊಂದು ಅಧ್ಯಯನದಲ್ಲಿ, ಯೋಚನಾಶಕ್ತಿ ಮಾಮೂಲಿನಂತೆ ಉಳಿದವರು ಬಹುಭಾಷಿಕರಲ್ಲಿ ನೂರಕ್ಕೆ 40.5, ಏಕಭಾಷಿಕರಲ್ಲಿ 19.6. ಅಫೇಸಿಯಾ ಬರುವ ಪ್ರಮಾಣದಲ್ಲಿ ಮಾತ್ರ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ. ಬುದ್ಧಿ ಒಂದು ದಾರಿಯಲ್ಲಿ, ಮಾತು ಇನ್ನೊಂದು ದಾರಿಯಲ್ಲಿ ಹೋಗಬಹುದು ಎಂಬುದು ಈ ಅಂಕಿಗಳಲ್ಲೂ ಇದೆ.

ಬರೆದದ್ದನ್ನು ಓದಲಾಗದು

ಕೆಲವರು ಚೆನ್ನಾಗಿ ಮಾತಾಡುತ್ತಾರೆ, ಬರೆಯುತ್ತಾರೆ. ತಾವೇ ಬರೆದದ್ದನ್ನು ಐದು ನಿಮಿಷ ಬಿಟ್ಟು ಕೊಟ್ಟರೆ ಓದಲಾರರು. ಕಣ್ಣಿನ ದೋಷವಲ್ಲ. ಕಂಡ ಅಕ್ಷರ ಭಾಷೆಯ ಠಾವಿಗೆ ಹೋಗುವ ದಾರಿ ಕಡಿದಿದೆ, ಭಾಷೆಯಿಂದ ಕೈಗೆ ಬರುವ ದಾರಿ ಉಳಿದಿದೆ. 1892ರಲ್ಲಿ ಡೆಜೆರೀನ್ ಪ್ಯಾರಿಸಿನಲ್ಲಿ ಇದನ್ನು ವಿವರಿಸಿದ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ರೋಗಿಯೊಬ್ಬರಲ್ಲಿ ಇದೇ ತೊಂದರೆಯನ್ನು ಪ್ರತಿಭಾ ಕಾರಂತರು 1981ರಲ್ಲಿ ವರದಿ ಮಾಡಿದರು.

ಭಾಷೆಗೆ ಬಾಯಿಯೇ ಬೇಕೆಂದೂ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಹುಟ್ಟುಕಿವುಡರು ಹೆಚ್ಚಿದ್ದು, ಅಲ್ಲಿಯೇ ಒಂದು ಕೈಸನ್ನೆಯ ಭಾಷೆ ಬೆಳೆದಿದೆ. ಸನ್ನೆ ಭಾಷೆಯ ಕಿವುಡರಿಗೆ ಎಡ ಮಿದುಳಿನ ಪಾರ್ಶ್ವವಾಯುವಾದರೆ ಕೈಯಲ್ಲಿ ಶಕ್ತಿಯಿದ್ದರೂ ಸನ್ನೆಯ ವ್ಯಾಕರಣ ಕೆಡುತ್ತದೆ ಎಂದು ಅಮೆರಿಕದ ಊರ್ಸುಲಾ ಬೆಲ್ಲೂಗಿ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಕೈಯಲ್ಲಿ ಆಡಲಿ, ಬಾಯಲ್ಲಿ ಆಡಲಿ, ಮಿದುಳಿಗೆ ಅದು ಭಾಷೆಯೇ.

ಮಕ್ಕಳಿಗೆ ಬಜೆ ಸಾಲದು

ಮಗುವಿನ ಮಾತು ತಡವಾದರೆ ನಮ್ಮಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚುವುದುಂಟು. ಮೊದಲು ನೋಡಬೇಕಾದದ್ದು ಕಿವಿ. ಕೇಳದ ಮಗು ಆಡುವುದು ಹೇಗೆ? ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂದು ಕಾಯುತ್ತಾ ಕೂತರೆ, ಮಿದುಳು ಭಾಷೆಯನ್ನು ಸುಲಭವಾಗಿ ಹೀರುವ ಮೊದಲ ವರ್ಷಗಳು ಕಳೆದುಹೋಗುತ್ತವೆ.

ಉಗ್ಗು ಬೇರೆಯದು. ಅದು ಹೆದರಿಕೆಯಿಂದ ಹುಟ್ಟುವುದಿಲ್ಲ, ಹೆದರಿಕೆಯಿಂದ ಹೆಚ್ಚುತ್ತದೆ. ಪದ ಗೊತ್ತಿದೆ, ಹೊರಡಿಸುವ ಗಳಿಗೆ ತಪ್ಪುತ್ತದೆ. ಹಾಡುವಾಗ, ಎಲ್ಲರ ಜೊತೆ ದನಿಗೂಡಿಸುವಾಗ ಉಗ್ಗು ಮಾಯವಾಗುವುದು ಅದಕ್ಕೇ. ಚಿಕ್ಕಂದಿನಲ್ಲಿ ಉಗ್ಗುವ ಹೆಚ್ಚಿನ ಮಕ್ಕಳಿಗೆ ಅದು ಬಿಟ್ಟುಹೋಗುತ್ತದೆ. ಅಣಕಿಸಿದರೆ ಮಾತ್ರ ಮಗು ಬಾಯಿ ಬಿಡುವುದನ್ನೇ ನಿಲ್ಲಿಸೀತು.

ನಾಲ್ಕೂವರೆ ಗಂಟೆಯ ಲೆಕ್ಕ

ಹಠಾತ್ತನೆ ಮಾತು ತೊದಲಿದರೆ, ನಿಂತರೆ, ಅಸಂಬದ್ಧವಾದರೆ ಅದು ಪಾರ್ಶ್ವವಾಯು ಎಂದೇ ಹೊರಡಬೇಕು. ಜೊತೆಗೆ ಬಾಯಿ ಸೊಟ್ಟಗಾಗಿದೆಯೇ, ಎರಡೂ ಕೈ ಎತ್ತಿದಾಗ ಒಂದು ಕೆಳಗೆ ಬೀಳುತ್ತದೆಯೇ ನೋಡಿ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಈ ಲೆಕ್ಕ ಶುರುವಾಗುವುದು ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತಿನಿಂದ. ಕೊಡುವ ಮೊದಲು ಸಿಟಿ ಸ್ಕ್ಯಾನ್ ಕಡ್ಡಾಯ, ಏಕೆಂದರೆ ರಕ್ತಸ್ರಾವವಾಗಿದ್ದರೆ ಅದೇ ಮದ್ದು ಪ್ರಾಣಕ್ಕೆ ಮುಳುವು.

ಹೀಗಾಗಿ ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು. ನ್ಯಾಮತಿ, ಹೊನ್ನಾಳಿಯವರಿಗೆ ಶಿವಮೊಗ್ಗ, ಜಗಳೂರಿನವರಿಗೆ ದಾವಣಗೆರೆ ಅಥವಾ ಚಿತ್ರದುರ್ಗ, ಚನ್ನಗಿರಿಯವರಿಗೆ ಶಿವಮೊಗ್ಗ, ದಾವಣಗೆರೆಗಳಲ್ಲಿ ಹತ್ತಿರವಾದದ್ದು. ನಾಟಿ ಔಷಧಿ, ಎಣ್ಣೆ ತಿಕ್ಕುವುದು, ‘ಬೆಳಗಾಗಲಿ ನೋಡೋಣ’ ಎನ್ನುವುದು, ಇವೆಲ್ಲ ಈ ಗಂಟೆಗಳನ್ನು ನುಂಗುತ್ತವೆ. 108ಕ್ಕೆ ಕರೆ ಮಾಡುವಾಗ ‘ಮಾತು ನಿಂತಿದೆ, ಇಷ್ಟು ಗಂಟೆಗೆ ಶುರುವಾಯಿತು’ ಎಂದು ಮೊದಲೇ ಹೇಳಿ.

ಅವರನ್ನೇ ಕೇಳಿ

ಮಾತು ಮರಳುವ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ವರ್ಷಗಳ ನಂತರವೂ ಸುಧಾರಣೆ ನಿಲ್ಲುವುದಿಲ್ಲ. ಕೈಕಾಲಿಗೆ ಫಿಸಿಯೋಥೆರಪಿ ಬೇಕೆಂಬುದು ಈಗ ಹಳ್ಳಿಗಳಲ್ಲೂ ಗೊತ್ತು. ಮಾತಿಗೂ ಅಂಥದೇ ತರಬೇತಿ ಇದೆ ಎಂಬುದು ಗೊತ್ತಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಸ್ಪೀಚ್ ಥೆರಪಿಗೆ ಎಲ್ಲಿಗೆ ಹೋಗಬೇಕೆಂದು ಕೇಳಿ ಬರೆಸಿಕೊಳ್ಳಿ. ಮೈಸೂರಿನ ಸಂಸ್ಥೆಯ ಹೊರಸೇವಾ ಕೇಂದ್ರವೊಂದು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿದೆ.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ್ದಲ್ಲ. ಟಿವಿ ಆರಿಸಿ ಎದುರಿಗೆ ಕೂತು ಚಿಕ್ಕ ವಾಕ್ಯದಲ್ಲಿ ಮಾತಾಡಿ. ‘ಊಟಕ್ಕೆ ಏನು ಮಾಡಲಿ’ ಎನ್ನುವ ಬದಲು ‘ರೊಟ್ಟಿಯೋ, ಮುದ್ದೆಯೋ’ ಎಂದು ಕೇಳಿ. ಕೈಸನ್ನೆ, ಚಿತ್ರ, ಬರಹ ಯಾವುದರಲ್ಲಿ ಉತ್ತರ ಬಂದರೂ ಒಪ್ಪಿಕೊಳ್ಳಿ. ಅವರು ಪದಕ್ಕೆ ತಡಕಾಡುವಾಗ ಬಾಯಿಗೆ ಬಾಯಿ ಹಾಕಬೇಡಿ. ಕಿವಿ ಮಂದವಲ್ಲದವರ ಎದುರು ಕಿರುಚುವುದೂ ಬೇಡ.

ಹೊನ್ನಾಳಿ, ಚನ್ನಗಿರಿಗಳ ಈ ಸೀಮೆ ಮಾತುಗಾರರನ್ನು ಮೆಚ್ಚುವಂಥದ್ದು. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಮಾತಿನಲ್ಲೇ ಮನುಷ್ಯನ ತೂಕ ನೋಡುವ ಕಡೆ, ಮಾತು ಹೋದವರ ತೂಕವೇ ಹೋಯಿತೆಂದು ಎಣಿಸುವುದು ಸುಲಭ. ಹಾಗೆ ಎಣಿಸಿದ್ದರೆ ಸ್ವೀಡನ್ನಿನ ಕವಿ ತುಮಾಸ್ ಟ್ರಾನ್ಸ್‌ಟ್ರೋಮರ್ ಕತೆ 1990ರಲ್ಲೇ ಮುಗಿಯಬೇಕಿತ್ತು. ಆ ವರ್ಷ ಪಾರ್ಶ್ವವಾಯು ಅವರ ಮಾತನ್ನು ಬಹುಪಾಲು ಕಸಿಯಿತು, ಬಲಗೈ ಬಿತ್ತು. ಆಮೇಲೂ ಕವನ ಸಂಕಲನ ತಂದರು, ಎಡಗೈಯೊಂದರಿಂದಲೇ ಪಿಯಾನೋ ನುಡಿಸಿದರು. 2011ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಬಂತು.

ಕಾನೂನು ನಮ್ಮ ಜಗಲಿಗಳಿಗಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವಾಕ್ ಮತ್ತು ಭಾಷಾ ವೈಕಲ್ಯವನ್ನು ಪ್ರತ್ಯೇಕವಾಗಿ ಗುರುತಿಸಿ, ಅಫೇಸಿಯಾವನ್ನು ಹೆಸರಿಸಿಯೇ ಸೇರಿಸಿದೆ. ತೊಂದರೆ ಶಾಶ್ವತವಾಗಿ ಉಳಿದವರು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಆದರೆ ಪಹಣಿ ಯಾರ ಹೆಸರಿಗೆ, ತೋಟ ಚೇಣಿಗೋ ಬೇಡವೋ, ಮೊಮ್ಮಗಳ ಸಂಬಂಧ ಎಲ್ಲಿ ಎಂಬ ಮಾತು ಬಂದಾಗ ಅವರನ್ನು ಒಳಗೆ ಮಲಗಿಸಿ ಬಾಗಿಲೆಳೆದುಕೊಂಡು ಬಂದರೆ ಯಾವ ಕಾಯ್ದೆಯೂ ಏನೂ ಮಾಡಲಾರದು. ಅವರನ್ನು ಹೊರಗೆ ಕರೆತಂದು ಕೂರಿಸಿ, ಹೌದು ಅಲ್ಲ ಎನ್ನಬಹುದಾದಂತೆ ಒಂದೊಂದೇ ಪ್ರಶ್ನೆ ಕೇಳಿ. ‘ಬ್ಯಾಡ’ ಎಂಬ ಒಂದು ಪದವಷ್ಟೇ ಬಂದರೂ ಅದನ್ನು ಮನೆಯ ಹಿರಿಯರ ತೀರ್ಮಾನವೆಂದೇ ಲೆಕ್ಕಕ್ಕೆ ಹಿಡಿಯಬೇಕು.